ಬಣ್ಣ ಕಿತ್ತ ಕಾರು, ಕರಾವಳಿಯ ಗಾಳಿ: ತುಕ್ಕು ಏಳುವ ಮೊದಲೇ ಪ್ರೈಮರ್ ಹಚ್ಚುವುದು ಹೇಗೆ

ಹಳೇ ಬಣ್ಣವನ್ನೆಲ್ಲ ಕಿತ್ತು, ತಗಡು ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ರಾತ್ರಿ ಶೆಡ್ಡಿಗೆ ಬೀಗ ಹಾಕಿ ಹೋಗಿರುತ್ತೀರಿ. ಬೆಳಿಗ್ಗೆ ಬಂದು ನೋಡಿದರೆ ಬಾನೆಟ್ ಮೇಲೆ ತೆಳ್ಳಗೆ ಕಿತ್ತಳೆ ಬಣ್ಣ. ಅದರ ನಡುವೆ ನಾಲ್ಕು ಬೆರಳಿನ ಗುರುತು ಇನ್ನಷ್ಟು ಗಾಢವಾಗಿ ಎದ್ದಿರುತ್ತದೆ. ಬೆವರಿನ ಉಪ್ಪು ತಾಗಿದ ಕಡೆ ತುಕ್ಕು ಮೊದಲು ಬರುತ್ತದೆ. ಉಳಿದ ಕಡೆಗೆ ಗಾಳಿಯ ತೇವವೇ ಸಾಕು. ಕಾರವಾರದಿಂದ ಮಂಗಳೂರಿನ ತನಕ ಹಳೇ ಕಾರು ಕೈಗೆತ್ತಿಕೊಂಡವರಿಗೆ ಇದೇನೂ ಹೊಸ ಸುದ್ದಿಯಲ್ಲ.

ನಾನಿಲ್ಲಿ ಪ್ರೀಮಿಯರ್ ಪದ್ಮಿನಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಂಬಾಸಿಡರ್, ಮಾರುತಿ 800 ಇಟ್ಟುಕೊಂಡವರಿಗೂ ಕೆಲಸ ಹೆಚ್ಚುಕಡಿಮೆ ಇದೇ. ಜೀಪಿಗೆ ಇರುವ ಹಾಗೆ ಈ ಕಾರುಗಳಿಗೆ ಬೇರೆ ಛಾಸಿ (ಭಾರ ಹೊರುವ ಅಡಿ ಚೌಕಟ್ಟು) ಇಲ್ಲ, ಬಾಡಿಯೇ ಛಾಸಿ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಸಿಲ್ ಒಳಗಿಂದ ತುಕ್ಕು ತಿಂದರೆ ಕಾರಿನ ಬಲವೇ ಹೋಗುತ್ತದೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಡೀ ಕಾರಿನ ಬಣ್ಣವನ್ನು ಒಂದೇ ಸಲ ಕೀಳಬೇಡಿ. ಸಂಜೆಯೊಳಗೆ ಪ್ರೈಮರ್ (ಬಣ್ಣಕ್ಕೆ ಮೊದಲು ತಗಡಿಗೆ ಹಚ್ಚುವ ಪದರ) ಹಚ್ಚಿ ಮುಗಿಸಲು ಆಗುವಷ್ಟನ್ನು ಮಾತ್ರ ಬೆಳಿಗ್ಗೆ ಕೀಳಿ. ಒಂದು ಬಾಗಿಲು ಅಂದರೆ ಒಂದು ಬಾಗಿಲು. ಹಳೇ ಬಣ್ಣ ಎಷ್ಟೇ ಮಾಸಿರಲಿ, ಅಂಟಿಕೊಂಡಿರುವ ತನಕ ಅದು ತಗಡಿಗೆ ಕೊಡೆ. ಹೊಸ ಕೊಡೆ ಕೈಯಲ್ಲಿ ಇಲ್ಲದೆ ಹಳೆಯದನ್ನು ಯಾರಾದರೂ ಮಳೆಯಲ್ಲಿ ಬಿಸಾಡುತ್ತಾರಾ?

ಯಾವ ತಿಂಗಳು, ಯಾವ ಹೊತ್ತು

ಕರಾವಳಿಯಲ್ಲಿ ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಮಾರ್ಚ್ ಒಳಗೆ ಪ್ರೈಮರ್ ಕೆಲಸ ಮುಗಿಸುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಮಳೆ ಇಲ್ಲದಿದ್ದರೂ ಸೆಖೆ ಮತ್ತು ತೇವ ಎರಡೂ ಜಾಸ್ತಿ. ಮೇಲಿಂದ ಬೆವರು ತೊಟ್ಟಿಕ್ಕುತ್ತಲೇ ಇರುತ್ತದೆ. ಜೂನ್ ಬಂದಮೇಲಂತೂ ಕೇಳುವುದೇ ಬೇಡ. ಬಳ್ಳಾರಿ, ವಿಜಯಪುರದ ಕಡೆಯವರಿಗೆ ಈ ವಿಷಯದಲ್ಲಿ ಅದೃಷ್ಟ ಚೆನ್ನಾಗಿದೆ.

ಗಾಳಿಯ ತೇವಾಂಶ ಸುಮಾರು 60 ಶೇಕಡ ದಾಟಿದ ಮೇಲೆ ಬರಿ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಒಮ್ಮೆಲೇ ಏರುತ್ತದೆ. ಮೇಲ್ಮೈಯಲ್ಲಿ ಉಪ್ಪು ಇದ್ದರೆ ಇನ್ನೂ ಕಡಿಮೆ ತೇವದಲ್ಲೇ ಶುರುವಾಗುತ್ತದೆ, ಯಾಕೆಂದರೆ ಉಪ್ಪು ಗಾಳಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಕೊಳ್ಳಬೇಕಾದ ಸಾಮಾನು ಗ್ರೈಂಡರ್ ಅಲ್ಲ, ತೇವಾಂಶ ಮತ್ತು ಉಷ್ಣತೆ ಎರಡನ್ನೂ ತೋರಿಸುವ ಸಣ್ಣ ಮೀಟರ್. ಅದಕ್ಕೆ ಜಾಸ್ತಿ ದುಡ್ಡೇನೂ ಆಗುವುದಿಲ್ಲ.

ಮೀಟರ್ ನೋಡಿ ಒಂದು ಲೆಕ್ಕ ಹಾಕಬೇಕು. ತೇವಾಂಶ 100ಕ್ಕಿಂತ ಎಷ್ಟು ಕಡಿಮೆ ಇದೆಯೋ ಅದನ್ನು 5ರಿಂದ ಭಾಗಿಸಿ, ಬಂದದ್ದನ್ನು ಉಷ್ಣತೆಯಿಂದ ಕಳೆಯಿರಿ. ಅದು ಇಬ್ಬನಿ ಕೂರುವ ಉಷ್ಣತೆ. ತಗಡು ಅದಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿದ್ದರೆ ಮಾತ್ರ ಪ್ರೈಮರ್ ಹಚ್ಚಬಹುದು. 30 ಡಿಗ್ರಿ, 60 ಶೇಕಡ ತೇವ ಇದ್ದರೆ ಇಬ್ಬನಿ ಕೂರುವುದು 22ಕ್ಕೆ. ಆರಾಮಾಗಿ ಕೆಲಸ ಮಾಡಿ. 28 ಡಿಗ್ರಿ, 90 ಶೇಕಡ ಇದ್ದರೆ 26. ಆಗ ತಗಡು 29 ಡಿಗ್ರಿಯಾದರೂ ಇರಬೇಕು, ಅಂದರೆ ಗಾಳಿಗಿಂತ ಬೆಚ್ಚಗೆ. ಹಾಟ್ ಏರ್ ಗನ್ನಿನಿಂದ ಕಾಯಿಸಬೇಕು, ಇಲ್ಲವೇ ಆ ದಿನ ಸುಮ್ನೆ ಬಿಡಬೇಕು. ಇದು ಅಂದಾಜಿನ ಲೆಕ್ಕ, ಆದರೆ ತೇವಾಂಶ 50 ಶೇಕಡಕ್ಕಿಂತ ಮೇಲಿರುವಾಗ ಗ್ಯಾರೇಜಿನ ಕೆಲಸಕ್ಕೆ ಸಾಕಾಗುತ್ತದೆ.

ಡಿಸೆಂಬರ್, ಜನವರಿಯ ಬೆಳಗ್ಗೆ ಇನ್ನೊಂದು ತೊಂದರೆ ಇದೆ. ರಾತ್ರಿಯೆಲ್ಲ ತಣ್ಣಗಾದ ತಗಡಿಗೆ ಬಿಸಿಲೇರುವಾಗಿನ ತೇವದ ಗಾಳಿ ತಾಗಿದರೆ ನೀರು ಕೂರುತ್ತದೆ. ಕಣ್ಣಿಗೆ ಕಾಣದಿರಬಹುದು, ಆದರೆ ಕೂತಿರುತ್ತದೆ. ಆ ದಿನಗಳಲ್ಲಿ 10 ಗಂಟೆಯ ಮೇಲೆ ಕೀಳಲು ಶುರು ಮಾಡಿ, ಬಿಸಿಲು ಇಳಿಯುವ ಮೊದಲು ಪ್ರೈಮರ್ ಮುಗಿಸಿ.

ಕೀಳುವ ಮೊದಲು ತೊಳೆಯಿರಿ

ಬಣ್ಣ ಇರುವಾಗಲೇ ಇಡೀ ಕಾರನ್ನು, ಮುಖ್ಯವಾಗಿ ಅಡಿಭಾಗ ಮತ್ತು ಚಕ್ರದ ಕಮಾನುಗಳ ಒಳಬದಿಯನ್ನು, ಪ್ರೆಷರ್ ವಾಷರಿನಲ್ಲಿ ಚೆನ್ನಾಗಿ ತೊಳೆಸಿ. ವರ್ಷಗಟ್ಟಲೆ ಕೂತ ಕೆಸರಿನೊಳಗೆ ಉಪ್ಪು ಇರುತ್ತದೆ. ಅದು ಅಲ್ಲೇ ಇದ್ದರೆ ಉಜ್ಜುವಾಗ ಡಿಸ್ಕಿನ ಜೊತೆ ಹೊಸ ತಗಡಿಗೂ ಬಳಿದುಕೊಳ್ಳುತ್ತದೆ.

ಸಮುದ್ರದ ಹತ್ತಿರದ ಬಾವಿಗಳ ನೀರು ಬೇಸಗೆಯಲ್ಲಿ ಸವುಳಾಗುತ್ತದೆ, ಗೊತ್ತಲ್ವಾ? ಆ ನೀರಿನಲ್ಲಿ ತೊಳೆದರೆ ಉಪ್ಪು ತೆಗೆದ ಹಾಗೂ ಆಯಿತು, ಹಚ್ಚಿದ ಹಾಗೂ ಆಯಿತು. ಬರಿ ತಗಡನ್ನು ಕೊನೆಯ ಸಲ ಒರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದಿಟ್ಟುಕೊಳ್ಳಿ.

ಎಷ್ಟು ಕೀಳಬೇಕು, ಯಾವುದರಿಂದ

ಎಲ್ಲವನ್ನೂ ಬರಿ ತಗಡಿಗೆ ತರಲೇಬೇಕು ಅಂತೇನಿಲ್ಲ. ಈಗಿನ ಕಾರುಗಳ ಬಾಡಿಯನ್ನು ಕಾರ್ಖಾನೆಯಲ್ಲಿ ಫಾಸ್ಫೇಟ್ ತೊಟ್ಟಿಯಲ್ಲಿ ಮುಳುಗಿಸಿ, ಆಮೇಲೆ ಕರೆಂಟ್ ಹರಿಸಿ ಪ್ರೈಮರ್ ಹಿಡಿಸಿ, ದೊಡ್ಡ ಒಲೆಯಲ್ಲಿ ಬೇಯಿಸುತ್ತಾರೆ. ಅದು ಸುಮಾರು 20 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ದಪ್ಪದ ಪದರ. ಮೂಲೆ ಮೂಲೆಗೂ ಹೋಗಿ ಕೂತಿರುತ್ತದೆ. ಅದಕ್ಕೆ ಸಮನಾದದ್ದನ್ನು ನಾವು ಶೆಡ್ಡಿನಲ್ಲಿ ಮಾಡಲು ಆಗುವುದಿಲ್ಲ. ನಿಮ್ಮ ಕಾರಿನಲ್ಲಿ ಅದು ಗಟ್ಟಿಯಾಗಿದ್ದರೆ ಬರೀ ಒರಟು ಮಾಡಿ ಅದರ ಮೇಲೇ ಹೋಗಿ. ಹಳೇ ಪದ್ಮಿನಿಯಲ್ಲಿ ಮಾತ್ರ ಐದಾರು ಸಲ ಬಣ್ಣ ಹೊಡೆದು, ನಡುವೆ ಬೆರಳು ದಪ್ಪ ಪುಟ್ಟಿ ತುಂಬಿದ್ದರೆ ತಗಡಿನ ತನಕ ಹೋಗಲೇಬೇಕು. ಪುಟ್ಟಿಯ ಕೆಳಗೆ ಏನು ಅಡಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಗ್ರೈಂಡರಿಗೆ ಗಟ್ಟಿ ಕಲ್ಲಿನ ಡಿಸ್ಕ್ ಹಾಕಬೇಡಿ, ತಗಡು ತೆಳ್ಳಗಾಗುತ್ತದೆ. ನೈಲಾನ್ ಜಾಲರಿಯಂಥ ಸ್ಟ್ರಿಪ್ ಡಿಸ್ಕ್ ಬಣ್ಣವನ್ನು ಮಾತ್ರ ತಿನ್ನುತ್ತದೆ. ಆಮೇಲೆ ಆರ್ಬಿಟಲ್ ಸ್ಯಾಂಡರಿನಲ್ಲಿ 80 ನಂಬರ್ ಸ್ಯಾಂಡ್ ಪೇಪರ್, ಅದರ ಮೇಲೆ 120 ಅಥವಾ 180. ಅದಕ್ಕಿಂತ ನಯವಾಗಿ ಉಜ್ಜಿದರೆ ಪ್ರೈಮರಿಗೆ ಹಿಡಿತ ಸಿಗುವುದಿಲ್ಲ. ಬಾನೆಟ್, ಛಾವಣಿಯಂಥ ಅಗಲ ತಗಡಿನ ಮೇಲೆ ಒಂದೇ ಕಡೆ ಡಿಸ್ಕ್ ನಿಲ್ಲಿಸಬೇಡಿ. ಬಿಸಿಯಾಗಿ ಅಲೆಯಂತೆ ಏಳುತ್ತದೆ. ಅದನ್ನು ಸರಿ ಮಾಡಲು ಒಳ್ಳೆಯ ಟಿಂಕರ್ ಬೇಕು, ಅಂಥವರು ಈಗ ಕಡಿಮೆ.

ಪೇಂಟ್ ರಿಮೂವರ್ ಹಚ್ಚಿ ಕೀಳುವುದು ಸುಲಭವಾಗಿ ಕಾಣುತ್ತದೆ. ಆದರೆ ಅದು ಎರಡು ತಗಡು ಸೇರುವ ಸಂದಿಯೊಳಗೆ ಇಳಿದರೆ ಹೊರಗೆ ಬರುವುದಿಲ್ಲ. ಹೊಸ ಬಣ್ಣ ಹೊಡೆದು ತಿಂಗಳಾದ ಮೇಲೆ ಮೆಲ್ಲಗೆ ಒಸರಿ ಅಲ್ಲೇ ಗುಳ್ಳೆ ಎಬ್ಬಿಸುತ್ತದೆ. ಅಂಚಿನಿಂದ ಎರಡು ಮೂರು ಇಂಚು ಬಿಟ್ಟು ನಡುವಿನಲ್ಲಿ ಮಾತ್ರ ಹಚ್ಚಿ. ಉಳಿದದ್ದನ್ನು ಕೈಯಲ್ಲೇ ಉಜ್ಜಿ.

ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಗಟ್ಟಿ ಪುಡಿ ಎರಚಿ ಬಣ್ಣ, ತುಕ್ಕು ಕೀಳುವುದು) ಮಾಡಿಸುವುದಾದರೆ ಸಿಲ್, ಚಕ್ರದ ಕಮಾನು, ಸಸ್ಪೆನ್ಷನ್ ಭಾಗಗಳಿಗೆ ಒಳ್ಳೆಯದು. ಬಾನೆಟ್, ಬಾಗಿಲಿನ ಹೊರ ತಗಡಿಗೆ ಜಾಸ್ತಿ ಒತ್ತಡದಲ್ಲಿ ಹೊಡೆಸಿದರೆ ಸೊಟ್ಟಗಾಗುತ್ತದೆ. ಹೊಳೆ ಮರಳು ಬಳಸುವವರ ಹತ್ತಿರ ಹೋಗಬೇಡಿ, ಅದರ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ಗಾರ್ನೆಟ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಕೇಳಿ. ಬ್ಲಾಸ್ಟ್ ಆದ ತಗಡು ತುಂಬ ಒರಟು. ಗಾಳಿಗೆ ಸಿಗುವ ಮೇಲ್ಮೈ ಜಾಸ್ತಿ, ಹಾಗಾಗಿ ತುಕ್ಕೂ ಬೇಗ. ಅವತ್ತೇ ತಂದು ಅವತ್ತೇ ಪ್ರೈಮರ್ ಹಚ್ಚುವ ಏರ್ಪಾಡು ಇಲ್ಲದಿದ್ದರೆ ಕಳುಹಿಸಲೇಬೇಡಿ.

ಇನ್ನೊಂದು ವಿಷಯ. ಛಾಸಿ ನಂಬರ್ ಒತ್ತಿದ ಜಾಗವನ್ನು ಕೆಲಸ ಶುರುವಾಗುವ ಮೊದಲೇ ಟೇಪ್ ಹಾಕಿ ಮುಚ್ಚಿ. ಗ್ರೈಂಡರ್ ತಾಗಿ ಅಂಕಿ ಮಾಸಿದರೆ ಆರ್‌ಟಿಒದಲ್ಲಿ ಉತ್ತರ ಹೇಳುವುದು ಬಲು ಕಷ್ಟ. ಅಲ್ಲಿ ಕೈಯಿಂದಲೇ ಹಗುರವಾಗಿ ಉಜ್ಜಿ, ಅಂಕಿ ಓದಲು ಬರುವಷ್ಟು ತೆಳ್ಳಗೆ ಪ್ರೈಮರ್ ಹಚ್ಚಿ.

ಕಪ್ಪು ಚುಕ್ಕಿಗಳು

ಹೆಚ್ಚಿನ ಕೆಲಸ ಕೆಡುವುದು ಇಲ್ಲೇ. ತಗಡು ಬೆಳ್ಳಗಾಯಿತು ಅನಿಸಿದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು ಕಾಣುತ್ತವೆ. ಅವು ತುಕ್ಕು ಕೊರೆದ ಗುಂಡಿಗಳು. ತಳದಲ್ಲಿ ತುಕ್ಕು ಮತ್ತು ಉಪ್ಪು ಇನ್ನೂ ಕೂತಿರುತ್ತವೆ. ವೈರ್ ಬ್ರಷ್ ಚಕ್ರ ಹಾಕಿದರೆ ಅವು ಹೊಳೆಯುತ್ತವೆ, ಅಷ್ಟೇ. ಮೇಲಿನ ಬಾಯಿ ಸವರಿ ಮುಚ್ಚಿಹೋಗಿ ಒಳಗಿನದ್ದು ಒಳಗೇ ಉಳಿಯುತ್ತದೆ.

ಇದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಬೇಕು. ಜೆಲ್ ರೂಪದ್ದಾದರೆ ನಿಂತ ತಗಡಿನಿಂದ ಇಳಿದುಹೋಗುವುದಿಲ್ಲ. ಹಚ್ಚಿ, 15ರಿಂದ 20 ನಿಮಿಷ ಬಿಡಿ, ನಡುವೆ ಒಣಗಲು ಬಿಡಬೇಡಿ. ಸ್ಕಾಚ್ ಬ್ರೈಟಿನಲ್ಲಿ ತಿಕ್ಕಿ. ಚುಕ್ಕಿ ಬೂದು ಬಣ್ಣಕ್ಕೆ ತಿರುಗುವ ತನಕ ಇನ್ನೊಮ್ಮೆ. ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಎರಡು ಮೂರು ಸಲ ಪೂರ್ತಿ ಒರೆಸಿ, ಕೂಡಲೇ ಗಾಳಿ ಊದಿ, ಹಾಟ್ ಏರ್ ಗನ್ನಿನಿಂದ ಒಣಗಿಸಿ. ಒಣಗಿದ ಮೇಲೆ ಮತ್ತೆ 120ರಲ್ಲಿ ಉಜ್ಜಿ. ಆಸಿಡ್ ಉಳಿದ ತಗಡಿನ ಮೇಲೆ ಮುಂದೆ ಹೇಳುವ ಎಪಾಕ್ಸಿ ಪ್ರೈಮರ್ ಹಚ್ಚಿದರೆ ಅದರ ತಳ ಸರಿಯಾಗಿ ಗಟ್ಟಿಯಾಗುವುದಿಲ್ಲ, ಆಮೇಲೆ ಹಾಳೆಯಂತೆ ಎದ್ದು ಬರುತ್ತದೆ.

ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿದರೆ ಒಂದೇ ನಿಮಿಷದಲ್ಲಿ ತುಕ್ಕು ಹೋಗುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೋಗುತ್ತದೆ, ನಿಜ. ಆದರೆ ಅದು ಹೈಡ್ರೋಕ್ಲೋರಿಕ್ ಆಸಿಡ್. ಹಿಂದೆ ಬಿಟ್ಟುಹೋಗುವ ಕ್ಲೋರೈಡ್ ಸಮುದ್ರದ ಉಪ್ಪು ಮಾಡುವ ಕೆಲಸವನ್ನೇ ಮಾಡುತ್ತದೆ. ಬೋಲ್ಟು, ಬ್ರಾಕೆಟ್ಟಿನಂಥ ಸಣ್ಣ ಸಾಮಾನಿಗೆ ಸಿಟ್ರಿಕ್ ಆಸಿಡ್ ಪುಡಿಯ ನೀರು ಸಾಕು.

ತುಕ್ಕನ್ನು ಕಪ್ಪಗೆ ಮಾಡಿ ನಿಲ್ಲಿಸುವ ರಸ್ಟ್ ಕನ್ವರ್ಟರ್ ಬೇರೆ ಜಾತಿ. ಹಲವು ಕನ್ವರ್ಟರುಗಳಲ್ಲಿ ಟ್ಯಾನಿಕ್ ಆಸಿಡ್ ಇರುತ್ತದೆ. ಹಸಿ ಅಡಿಕೆ ಸುಲಿದ ಕತ್ತಿ ಚೊಗರು ತಾಗಿ ಕಪ್ಪಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ, ಅಲ್ಲೂ ಕಬ್ಬಿಣದ ಜೊತೆ ಸೇರುವುದು ಟ್ಯಾನಿನ್. ಕೈ ಹೋಗದ ಸಂದಿಗೆ, ಅಡಿಭಾಗಕ್ಕೆ ಇದು ಪರವಾಗಿಲ್ಲ. ಹೊರಗೆ ಕಾಣುವ ತಗಡಿಗೆ ನಾನು ಒಪ್ಪುವುದಿಲ್ಲ. ಕನ್ವರ್ಟರ್ ತಲುಪದ ತುಕ್ಕು ಕೆಳಗೆ ಉಳಿದರೆ ಮೇಲಿನ ಎಲ್ಲ ಪದರಗಳೂ ಸಡಿಲ ನೆಲದ ಮೇಲೆ ನಿಂತ ಹಾಗೆ.

ಗುಂಡಿ ಕೊರೆದು ಆಚೆ ಬೆಳಕು ಕಂಡರೆ ಆಸಿಡ್ ಸಾಕು ಮಾಡಿ. ಆ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಫೈಬರ್ ಬಟ್ಟೆ, ಪುಟ್ಟಿ ತುಂಬಿ ಮುಚ್ಚಿದರೆ ಮುಂದಿನ ಮಳೆಗಾಲದ ತನಕ ಚೆಂದ ಇರುತ್ತದೆ, ಅಷ್ಟೇ. ಎರಡು ತಗಡು ಒಂದರ ಮೇಲೊಂದು ಕೂರುವ ಕಡೆ ಬೆಸೆಯುವ ಮೊದಲು ಬೆಸುಗೆಗೆ ಅಡ್ಡಿಯಾಗದ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಹೊಡೆಯಿರಿ. ಬೆಸುಗೆ ಆದ ಮೇಲೆ ಅಲ್ಲಿಗೆ ಏನೂ ತಲುಪುವುದಿಲ್ಲ.

ಎಣ್ಣೆ ಬಿಡಿಸುವುದು

ಈಗಿನಿಂದ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಬರಿಗೈಯಲ್ಲಿ ಮುಟ್ಟಲೇಬೇಡಿ. ನೋಡಲು ಬಂದ ನೆಂಟರಿಗೂ ಹೇಳಿಡಿ, ಹೊಳೆಯುವ ತಗಡು ಕಂಡರೆ ಸವರದೆ ಇರುವವರು ಕಡಿಮೆ.

ಸೀಮೆಎಣ್ಣೆ, ಡೀಸೆಲ್, ಪೆಟ್ರೋಲಿನಿಂದ ಒರೆಸುವ ಅಭ್ಯಾಸ ಬಿಡಿ. ಹಿಂದೆ ತೆಳ್ಳಗೆ ಎಣ್ಣೆ ಉಳಿಯುತ್ತದೆ, ಬೆಂಕಿಯ ಅಪಾಯ ಬೇರೆ. ಬಣ್ಣದ ಅಂಗಡಿಯಲ್ಲಿ ವ್ಯಾಕ್ಸ್ ಆಂಡ್ ಗ್ರೀಸ್ ರಿಮೂವರ್ ಸಿಗುತ್ತದೆ. ಎರಡು ಬಟ್ಟೆ ಬೇಕು. ಒಂದರಿಂದ ಒದ್ದೆಯಾಗಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ಆರಲು ಬಿಟ್ಟರೆ ಕರಗಿದ ಎಣ್ಣೆ ಅಲ್ಲೇ ಮತ್ತೆ ಕೂರುತ್ತದೆ. ಒಂದು ಅಡಿ ಚೌಕ ಮುಗಿಸಿ ಮುಂದಕ್ಕೆ ಹೋಗಿ, ಬಟ್ಟೆಯನ್ನು ಆಗಾಗ ಮಡಚಿ ಹೊಸ ಬದಿ ತನ್ನಿ.

ಸಂಶಯ ಇದ್ದರೆ ಡಿಸ್ಟಿಲ್ಡ್ ವಾಟರನ್ನು ಸ್ವಲ್ಪ ಸಿಂಪಡಿಸಿ ನೋಡಿ. ನೀರು ಹಾಳೆಯಂತೆ ಹರಡಿ ನಿಂತರೆ ತಗಡು ಶುದ್ಧ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿಗಟ್ಟಿದರೆ ಎಣ್ಣೆ ಇದೆ. ನೋಡಿದ ಕೂಡಲೇ ಒರೆಸಿ ಬಿಸಿಗಾಳಿ ಹಿಡಿಯಿರಿ, ನೀರನ್ನು ಅಲ್ಲೇ ಬಿಟ್ಟು ಫೋನ್ ಎತ್ತಬೇಡಿ.

ಎಪಾಕ್ಸಿಯೇ ಯಾಕೆ

“ರೆಡ್ ಆಕ್ಸೈಡ್ ಹೊಡೆದು ಬಿಡಿ ಸಾರ್, ವರ್ಷಗಟ್ಟಲೆ ಏನೂ ಆಗಲ್ಲ” ಅನ್ನುವ ಮಾತು ಎಲ್ಲ ಊರಿನ ಗ್ಯಾರೇಜಲ್ಲೂ ಕೇಳುತ್ತದೆ. ಕಿಟಕಿ ಸರಳು, ಗೇಟಿಗೆ ಅದು ಸರಿ. ಕಾರಿಗೆ ಎರಡು ಕಾರಣಕ್ಕೆ ಬೇಡ. ಒಂದು, ಅದು ನೀರಿನ ಆವಿಯನ್ನು ಒಳಗೆ ಬಿಡುತ್ತದೆ. ಎರಡು, ಅದರ ಮೇಲೆ ಕಾರಿನ ಬಣ್ಣದ ಖಾರವಾದ ಥಿನ್ನರ್ ಬಿದ್ದರೆ ಸುಕ್ಕುಗಟ್ಟಿ ಏಳುತ್ತದೆ.

ಎಚ್ (etch) ಪ್ರೈಮರ್ ಅನ್ನುವುದು ಆಸಿಡ್ ಸೇರಿದ ತೆಳು ಪದರ. ತಗಡನ್ನು ಚೆನ್ನಾಗಿ ಕಚ್ಚುತ್ತದೆ, ಆದರೆ ಅದೊಂದೇ ನೀರು ತಡೆಯುವುದಿಲ್ಲ. ಅದರ ಮೇಲೆ ನೇರವಾಗಿ ಪುಟ್ಟಿ ಹಾಕಬಾರದು. ಎಪಾಕ್ಸಿ ಹಚ್ಚುವುದನ್ನೂ ಹಲವು ಕಂಪನಿಗಳು ಬೇಡ ಅನ್ನುತ್ತವೆ. ಎರಡು ದಾರಿ ಬೆರೆಸುವುದು ಬೇಡ. ತಗಡನ್ನು ಒರಟು ಮಾಡಿ, ತೊಳೆದು, ನೇರವಾಗಿ ಟೂ-ಪ್ಯಾಕ್ (ಎರಡು ಡಬ್ಬಿಯದ್ದನ್ನು ಬೆರೆಸಿ ಹಚ್ಚುವ) ಎಪಾಕ್ಸಿ ಪ್ರೈಮರ್. ಇದೇ ನನ್ನ ಆಯ್ಕೆ.

ಪ್ರೈಮರ್ ಮತ್ತು ಹಾರ್ಡನರ್ ಬೆರೆಸುವ ಅಳತೆ ಒಂದೊಂದು ಕಂಪನಿಯದ್ದು ಒಂದೊಂದು ಥರ. ಡಬ್ಬಿಯ ಮೇಲಿನದ್ದೇ ವೇದವಾಕ್ಯ, ಅಂದಾಜಿನಲ್ಲಿ ಸುರಿಯಬೇಡಿ. ಅಳತೆ ಗೆರೆ ಇರುವ ಕಪ್ ತನ್ನಿ. ಬೆರೆಸಿದ ಮೇಲೆ ಕೆಲವದಕ್ಕೆ 15ರಿಂದ 30 ನಿಮಿಷ ಸುಮ್ನೆ ಬಿಡಬೇಕು, ಆಗಷ್ಟೇ ಎರಡೂ ಸೇರಲು ಶುರುವಾಗುತ್ತದೆ. ತಗಡಿನ ಕೊನೆಯ ಒರೆಸುವಿಕೆಯನ್ನು ಆ ಹೊತ್ತಿನಲ್ಲಿ ಮಾಡಿದರೆ ಸಮಯ ಸರಿಹೋಗುತ್ತದೆ.

ಸ್ಪ್ರೇ ಗನ್ ಹಿಡಿಯುವ ಮೊದಲು ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ನೋಡಿ. ಟ್ಯಾಂಕಿನ ತಳದ ಕಾಕ್ ತಿರುಗಿಸಿದರೆ ಕಂದು ಬಣ್ಣದ ನೀರು ಎಣ್ಣೆ ಸಮೇತ ಹೊರಗೆ ಹಾರುತ್ತದೆ. ನಮ್ಮ ಕಡೆಯ ಗಾಳಿಯನ್ನು ಒತ್ತಿ ತುಂಬಿದರೆ ನೀರು ಬರದೆ ಇರುತ್ತದಾ? ದಿನಾ ಖಾಲಿ ಮಾಡಿ. ಗನ್ನಿಗೆ ಹತ್ತಿರದಲ್ಲಿ ವಾಟರ್ ಸೆಪರೇಟರ್ ಹಾಕಿ. ಬಿಳಿ ಕಾಗದಕ್ಕೆ ಅರ್ಧ ನಿಮಿಷ ಬರಿ ಗಾಳಿ ಊದಿ ನೋಡಿ. ಕಾಗದದಲ್ಲಿ ಚುಕ್ಕಿ ಬಿದ್ದರೆ ಪ್ರೈಮರಿನೊಳಗೂ ನೀರು ಬೀಳುತ್ತದೆ.

ಮೊದಲ ಕೋಟ್ ಸಾಧಾರಣ, ಅದು ಹೊಳಪು ಕಳೆದುಕೊಂಡ ಮೇಲೆ ಎರಡನೆಯದು ಪೂರ್ತಿ ಒದ್ದೆಯಾಗಿ. ಒಣಗಿದ ಮೇಲೆ ಎರಡೂ ಸೇರಿ ಸುಮಾರು 50 ಮೈಕ್ರಾನ್ ಇದ್ದರೆ ಸಾಕು. ಅಂಚು, ರಂಧ್ರದ ಬಾಯಿ, ಮಡಿಕೆಗಳ ಮೇಲೆ ಗನ್ನಿನ ಪ್ರೈಮರ್ ತೆಳ್ಳಗೇ ಕೂರುವುದು. ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಹಾಗಾಗಿ ಗನ್ನಿಗಿಂತ ಮೊದಲು ಅಲ್ಲಿಗೆಲ್ಲ ಸಣ್ಣ ಬ್ರಷ್ಷಿನಲ್ಲಿ ಒಂದು ಕೈ ಬಳಿದಿಡಿ. ಬಾಗಿಲ ಕೆಳಗಿನ ಮಡಿಕೆಗೆ ಇದು ತಪ್ಪಲೇಬಾರದು.

ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವುದು ನಮ್ಮಲ್ಲಿ ಮಾಮೂಲು. ಅದರಿಂದ ಏನೂ ಉಪಯೋಗ ಇಲ್ಲ. ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಮುಂದೆ ಹೊಡೆಯುವ, ಹಾರ್ಡನರ್ ಬೆರೆಸುವ ಟೂ-ಕೆ ಸರ್ಫೇಸರ್ (ಉಜ್ಜಿ ನಯ ಮಾಡುವ ಪದರ), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಇವುಗಳ ಹಾರ್ಡನರಿನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಅದು ಉಬ್ಬಸ ಹಿಡಿಸುತ್ತದೆ. ಅದಕ್ಕೆ ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಇರುವ ಪೇಂಟ್ ಬೂತಿಗೆ ಕೊಡುವುದೇ ಮೇಲು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಉಜ್ಜಿದ ಧೂಳಿನ ಹತ್ತಿರ ಮಕ್ಕಳನ್ನು ಬಿಡಬೇಡಿ.

ಎಪಾಕ್ಸಿ ಆದ ಮೇಲೆ

ಇನ್ನು ಅವಸರ ಇಲ್ಲ. ಪುಟ್ಟಿಯನ್ನು ಎಪಾಕ್ಸಿಯ ಮೇಲೆ ಹಾಕಿ, ಬರಿ ತಗಡಿನ ಮೇಲೆ ಬೇಡ. ಪುಟ್ಟಿ ನೀರು ಹೀರುತ್ತದೆ. ಕೆಳಗೆ ಎಪಾಕ್ಸಿ ಇದ್ದರೆ ಆ ನೀರು ತಗಡನ್ನು ಮುಟ್ಟುವುದಿಲ್ಲ. ಇದೇ ಕಾರಣಕ್ಕೆ ಪುಟ್ಟಿಯನ್ನು ವಾಟರ್ ಪೇಪರಿನಲ್ಲಿ ಉಜ್ಜಬೇಡಿ, ಒಣಗಿದ ಕಾಗದದಲ್ಲೇ ಉಜ್ಜಿ. ಸಂದಿಗಳಿಗೆ ಸೀಮ್ ಸೀಲರ್ ಹಾಕುವುದೂ ಎಪಾಕ್ಸಿಯ ಮೇಲೆಯೇ. ಉಜ್ಜುವಾಗ ಎಲ್ಲಾದರೂ ತಗಡು ಇಣುಕಿದರೆ ಅವತ್ತೇ ಅಲ್ಲಿಗೆ ಮತ್ತೆ ಎಪಾಕ್ಸಿ.

ಒಂದರ ಮೇಲೊಂದು ಪದರ ಹಚ್ಚಲು ಗಡುವು ಇರುತ್ತದೆ. ಕೆಲವದಕ್ಕೆ ಒಂದು ದಿನ, ಕೆಲವದಕ್ಕೆ ಒಂದು ವಾರ, ಡಬ್ಬಿಯಲ್ಲಿ ಬರೆದಿರುತ್ತದೆ. ಅದು ದಾಟಿದರೆ 320ರಲ್ಲಿ ಮಂಕಾಗುವಂತೆ ಉಜ್ಜಿ ಮುಂದುವರಿಯಿರಿ. ಎಪಾಕ್ಸಿ ಹಚ್ಚಿದ ಕಾರನ್ನು ಶೆಡ್ಡಿನೊಳಗೆ ತಿಂಗಳುಗಟ್ಟಲೆ ಇಡಬಹುದು. ಬಿಸಿಲಲ್ಲಿ ಇಡಬಾರದು, ಮೇಲಿನ ಪದರ ಸುಣ್ಣದ ಪುಡಿಯಂತೆ ಉದುರುತ್ತದೆ.

ಕರೆಂಟು ಕೈಕೊಟ್ಟು ಅಥವಾ ಹಾರ್ಡನರ್ ಸಾಲದೆ ತಗಡು ಬರಿದಾಗಿಯೇ ರಾತ್ರಿ ಕಳೆಯಬೇಕಾಗಿ ಬಂದರೆ, ಟಾರ್ಪಾಲು ಹೊದಿಸಲೇಬೇಡಿ. ಅದರ ಒಳಗೆ ತೇವ ಸಿಕ್ಕಿಹಾಕಿಕೊಂಡು ಬೇಗ ತುಕ್ಕು ಬರುತ್ತದೆ. ಬಿಚ್ಚಿದ ಬಾಗಿಲಾದರೆ ಮನೆಯೊಳಗೆ ಎಸಿ ಅಥವಾ ಡಿಹ್ಯುಮಿಡಿಫೈಯರ್ ಇರುವ ಕೋಣೆಗೆ ಒಯ್ಯಿರಿ. ಎಣ್ಣೆ ಸವರಿ ಇಡುವುದು ಬೋಲ್ಟಿಗೆ ಸರಿ. ಪೇಂಟ್ ಆಗಬೇಕಾದ ತಗಡಿಗೆ, ಅದರಲ್ಲೂ ಸಿಲಿಕೋನ್ ಇರುವ ಸ್ಪ್ರೇ ತಾಗಿದರೆ, ಬಣ್ಣದಲ್ಲಿ ಫಿಶ್ ಐ ಅನ್ನುವ ಸಣ್ಣ ಕುಳಿಗಳು ಬೀಳುತ್ತವೆ. ಬೆಳಿಗ್ಗೆಗೆ ತೆಳ್ಳಗೆ ಕಿತ್ತಳೆ ಬಣ್ಣ ಬಂದಿದ್ದರೆ ಗಾಬರಿ ಬೇಡ. ಒಣ ಸ್ಕಾಚ್ ಬ್ರೈಟ್ ಅಥವಾ 180ರಲ್ಲಿ ಉಜ್ಜಿ, ಒರೆಸಿ, ಕೂಡಲೇ ಹಚ್ಚಿ. ಅದರ ಮೇಲೇ ಪ್ರೈಮರ್ ಹೊಡೆಯುವ ಆಸೆ ಮಾತ್ರ ಬೇಡ.

ಬಣ್ಣವೆಲ್ಲ ಆದ ಮೇಲೆ ಸಿಲ್, ಬಾಗಿಲಿನ ಹೊಟ್ಟೆ, ಡಿಕ್ಕಿಯ ಮೂಲೆಗಳ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಹೊಡೆಯಿರಿ. ಬಣ್ಣಕ್ಕೆ ಮೊದಲು ಹೊಡೆದರೆ ಮೇಣ ಸಂದಿಯಿಂದ ಒಸರಿ ಬಣ್ಣ ಕೆಡಿಸುತ್ತದೆ. ಬಾಗಿಲಿನ ತಳದಲ್ಲಿ ನೀರು ಹೋಗಲು ಇರುವ ಸಣ್ಣ ತೂತುಗಳಿಗೆ ಮೇಣ, ಸೀಲರ್ ಕಟ್ಟಿಕೊಂಡಿರುತ್ತದೆ. ತೆಳ್ಳಗಿನ ಕಡ್ಡಿ ಹಾಕಿ ಒಂದೊಂದನ್ನೂ ಬಿಡಿಸಿ, ಮೇಲಿಂದ ಒಂದು ಚೊಂಬು ನೀರು ಹಾಕಿ ಇಳಿಯುತ್ತದಾ ನೋಡಿ. ಹಳೇ ಬಣ್ಣ ಬಿಟ್ಟು ಬೇರೆ ಬಣ್ಣ ಹೊಡೆಸಿದ್ದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬದಲಾಯಿಸಿಕೊಳ್ಳಬೇಕು.